ದೊಡ್ಡ ಮೋರಿಯ ಹೂಳು

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂ ಊರುಗಳ ಜೂನಿಯರ್ ಕಾಲೇಜುಗಳಲ್ಲಿ ನಾನು ಕೆಮಿಸ್ಟ್ರಿ ಪಾಠ ಮಾಡಿದವನು. ಈಗ ಹೇಳುವ ಸಂಗತಿ ನಡೆದದ್ದು ಇವುಗಳಲ್ಲಿ ಒಂದರಲ್ಲಿ, ಎಪ್ಪತ್ತರ ದಶಕ ಮುಗಿದು ಎಂಬತ್ತು ಕಾಲಿಡುತ್ತಿದ್ದ ಹೊತ್ತಿನಲ್ಲಿ. ಯಾವ ಊರು ಎಂದು ಮಾತ್ರ ಕೇಳಬೇಡಿ. ಆ ಮನೆಯವರು ಈಗಲೂ ಮದುವೆ, ನಾಮಕರಣಕ್ಕೆ ನನ್ನನ್ನು ಕರೆಯುತ್ತಾರೆ, ಮೊದಲ ಪಂಕ್ತಿಯಲ್ಲೇ ಕೂರಿಸುತ್ತಾರೆ. ಅವರ ಎಲೆಯಲ್ಲಿ ಉಂಡು ಅವರ ಹೆಸರು ಬರೆಯುವುದು ನನ್ನಿಂದ ಆಗದ ಕೆಲಸ.

ನಾನು ಬಾಡಿಗೆಗಿದ್ದ ಮನೆ ಊರಿನ ತಗ್ಗು ಬದಿಯಲ್ಲಿತ್ತು. ಹಿತ್ತಿಲ ಬಾಗಿಲು ತೆಗೆದರೆ ದೊಡ್ಡ ಮೋರಿ. ಊರಿನ ಓಣಿ ಓಣಿಯ ಚರಂಡಿಗಳೆಲ್ಲ ಬಂದು ಸೇರುವುದು ಇದಕ್ಕೇ. ಪೇಟೆಯದು, ಅಕ್ಕಸಾಲಿಗರ ಓಣಿಯದು, ಹೋಟೆಲುಗಳದು, ಬಸ್ ಸ್ಟ್ಯಾಂಡಿನ ಕಡೆಯದು, ಎಲ್ಲ. ನಮ್ಮ ಮನೆ ದಾಟಿದ ಮೇಲೆ ಮೋರಿ ಒಂದು ತಗ್ಗಿನ ಬಯಲಿನಲ್ಲಿ ಹರಡಿಕೊಂಡು ಅಲ್ಲೇ ಇಂಗಿಹೋಗುತ್ತಿತ್ತು. ಆ ಬಯಲಿನಲ್ಲಿ ವರ್ಷವಿಡೀ ಹುಲ್ಲು. ಸುತ್ತಲಿನ ಹೊಲಗಳೆಲ್ಲ ಬಿಸಿಲಿಗೆ ಬಾಯಿಬಿಟ್ಟಿರುವಾಗಲೂ ಅಲ್ಲಿ ಎಮ್ಮೆಗಳು ಹೊಟ್ಟೆ ತುಂಬ ಮೇಯ್ದು, ಕೆಸರಿನಲ್ಲಿ ಕಣ್ಣುಮುಚ್ಚಿ ಮಲಗಿರುತ್ತಿದ್ದವು.

ಆ ಎಮ್ಮೆಗಳಲ್ಲಿ ಕೆಲವು ನಮ್ಮ ಪಕ್ಕದ ಮನೆಯವು. ಅದು ಅಣ್ಣತಮ್ಮಂದಿರ ಮನೆ. ಅಣ್ಣನಿಗೆ ಬೆದ್ದಲು ಹೊಲ, ಒಂದಿಷ್ಟು ತೆಂಗು. ಊರವರಿಗೆಲ್ಲ ಅವರು ಯಜಮಾನರು. ಅವರ ಹೆಂಡತಿ ಹಾಲಿನ ವ್ಯಾಪಾರ ನೋಡಿಕೊಳ್ಳುತ್ತಿದ್ದರು, ಹಾಗಾಗಿ ಹಾಲಿನಕ್ಕ. ತಮ್ಮ ರೈಸ್ ಮಿಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ, ಎದುರು ಮಾತಾಡದ ಮನುಷ್ಯ. ಅವನ ಹೆಂಡತಿ ಶಿವನಿ ಎಂಬ ಊರಿನ ಕಡೆಯ ಹುಡುಗಿ, ಮದುವೆಯಾಗಿ ಬಂದು ಕೆಲವು ವರ್ಷವಾಗಿತ್ತು. ಕಂಕುಳಲ್ಲಿ ಒಂದು ಮಗು. ಬೆಳಗ್ಗೆ ನಮ್ಮ ಮನೆಗೆ ಹಾಲು ತರುತ್ತಿದ್ದವಳು ಅವಳೇ.

ಅವಳ ಬಾಯಿ ಎಂದರೆ ಬಾಯಿ. ಪಾತ್ರೆಗೆ ಹಾಲು ಸುರಿಯುತ್ತ, "ಮೇಷ್ಟ್ರೇ, ಇವತ್ತು ಹಾಲು ಗಟ್ಟಿಯಾಗೈತೆ. ನೀರು ಹಾಕಕ್ಕೆ ಮರ್ತೋಯ್ತು ಕಣ್ರೀ, ಬೇಜಾರು ಮಾಡ್ಕಬ್ಯಾಡಿ," ಎನ್ನುವಳು. ನನ್ನ ಹೆಂಡತಿ ಒಳಗಿನಿಂದ, "ನಾಳೆ ಜ್ಞಾಪಕ ಇಟ್ಕೊಂಡು ಹಾಕಮ್ಮ, ನಮಗೆ ಗಟ್ಟಿ ಹಾಲು ಅರಗಲ್ಲ," ಎನ್ನುವಳು. ಇಬ್ಬರೂ ನಗುವರು. ಬೆಳಗಿನ ಆ ನಗುವಿನ ಮೇಲೆ ನಮ್ಮ ಮನೆಯ ಕಾಫಿ ಕುದಿಯುತ್ತಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಾಗ ಆ ಮನೆಯ ಎಮ್ಮೆಯೊಂದು ಮೇವು ಬಿಟ್ಟಿತು. ಹಲ್ಲು ಕಡಿಯುತ್ತಿತ್ತು. ಕೊಟ್ಟಿಗೆಯ ಗೋಡೆಗೆ ಹಣೆ ಒತ್ತಿಕೊಂಡು ನಿಂತರೆ ಅಲ್ಲಾಡದು. ಹೊರಗೆ ಬಿಟ್ಟರೆ ಒಂದೇ ಕಡೆ ತಿರುಗುತ್ತ ಹೋಗಿ ಬೇಲಿಗೆ ಡಿಕ್ಕಿ ಹೊಡೆಯುವುದು. ಕಣ್ಣು ತೆರೆದೇ ಇದೆ, ಕಾಣುವುದಿಲ್ಲ. ಒಂದು ದಿನ ಬಿದ್ದದ್ದು ಏಳಲಿಲ್ಲ. ಅದರ ದುಃಖ ಆರುವ ಮೊದಲೇ ಇನ್ನೊಂದು ಹಾಗೇ ಗೋಡೆಗೆ ಹಣೆ ಇಟ್ಟಿತು. ಹೆಚ್ಚು ಕರೆಯುವ ಎಮ್ಮೆ ಅದು. ಅದೂ ಹೋಯಿತು. ಉಳಿದದ್ದು ಗೊಡ್ಡೆಮ್ಮೆ ಒಂದು.

ದನದ ಡಾಕ್ಟರು ಎರಡನೆಯದು ಬಿದ್ದಾಗ ಬಂದು ನೋಡಿದರು. ಒಳ್ಳೆಯ ಮನುಷ್ಯರೇ. ಆದರೆ ಆಡಿದ್ದು ಒಂದು ಮಾತು, ಅದೂ ಅಂಗಳದಲ್ಲಿ ಜನ ನೆರೆದಿದ್ದಾಗ. "ಇದು ರೋಗ ಅಲ್ಲ. ಹೊಟ್ಟೆಗೆ ಏನೋ ವಿಷ ಬಿದ್ದಂಗಿದೆ."

ವಿಷ ಎಂದರೆ ನಮ್ಮ ಕಡೆ ಯಾರೂ ಅದು ತಾನಾಗಿ ಬಂತು ಎಂದುಕೊಳ್ಳುವುದಿಲ್ಲ. ಹಾಕಿದವರು ಯಾರು ಎನ್ನುವುದೇ ಮೊದಲ ಪ್ರಶ್ನೆ. ಹಿಂದಿನ ವಾರವಷ್ಟೇ ಓರಗಿತ್ತಿಯರಿಬ್ಬರಿಗೂ ಹಾಲಿನ ದುಡ್ಡಿನ ವಿಚಾರಕ್ಕೆ ಮಾತು ಬಂದಿತ್ತು. ಪಾಲಾಗೋಣ ಎನ್ನುವ ಮಾತೂ ಅದರೊಳಗೆ ಬಂದು ಹೋಗಿತ್ತು. ಹೊಲಕ್ಕೆ ಹೊಡೆಯುವ ಔಷಧದ ಬಾಟಲಿ ಅಟ್ಟದ ಮೇಲಿತ್ತು. ಬೆಳಗ್ಗೆ ಎದ್ದು ಕರೆಯುವ ಎಮ್ಮೆಗಳಿಗಷ್ಟೇ ನೆನೆದ ಹಿಂಡಿ ಇಡುತ್ತಿದ್ದವಳು ಚಿಕ್ಕವಳು.

"ಹಿಂಡಿ ಇಟ್ಟೋಳು ನೀನು ತಾನೇ?" ಎಂದರು ಹಾಲಿನಕ್ಕ, ಸತ್ತ ಎಮ್ಮೆಯ ಕೊರಳು ಹಿಡಿದು ಕೂತಲ್ಲಿಂದಲೇ. "ನನ್ ಮೇಲೆ ಸಿಟ್ಟಿದ್ರೆ ನಂಗೆ ಹಾಕ್ಬೇಕಿತ್ತು ಕಣೇ. ಈ ಮೂಕಪ್ರಾಣಿ ನಿಂಗೇನು ಮಾಡಿತ್ತೇ?"

"ಅಕ್ಕಾ, ನಾನು ಕೈಯಾರೆ ಮೈ ತೊಳ್ದ ಎಮ್ಮೆ ಇದು. ನಾನು ಹಾಕ್ತೀನಾ? ನನ್ ಮುಖ ನೋಡಿ ಹೇಳಕ್ಕ."

ಅಕ್ಕ ಮುಖ ನೋಡಲಿಲ್ಲ. ಯಜಮಾನರು ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ನೆಲ ನೋಡುತ್ತ ನಿಂತರು. ಚಿಕ್ಕವಳ ಗಂಡ ಬಾಗಿಲ ಚೌಕಟ್ಟು ಹಿಡಿದಿದ್ದ. ಅದೇ ದಿನ ಭಯಕ್ಕೆ ಕೊಟ್ಟಿಗೆಯನ್ನೆಲ್ಲ ತಿಕ್ಕಿ ತೊಳೆದರು, ಉಳಿದ ಹಿಂಡಿಯನ್ನು ಗುಂಡಿ ತೋಡಿ ಮುಚ್ಚಿದರು.

ಮರುದಿನ ಹಾಲು ಇರಲಿಲ್ಲ, ಬರಿಗೈಯಲ್ಲಿ ಅವಳು ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಮುಖ ಊದಿತ್ತು.

"ಮೇಷ್ಟ್ರೇ, ನಿಮ್ ಕಾಲೇಜಲ್ಲಿ ಯಾವ್ದ್ರಲ್ಲಿ ಏನೈತೆ ಅಂತ ಕಂಡ್ಹಿಡಿಯೋ ಸಾಮಾನು ಐತಂತಲ್ಲ. ಎಮ್ಮೆ ಯಾಕೆ ಸತ್ತೋ ಅಂತ ನೋಡ್ತೀರಾ? ನಾನು ಇವತ್ತು ಅಪ್ಪನ ಮನೆಗೆ ಹೋಗ್ತಿದೀನಿ. ಗೊತ್ತಾದ್ರೆ ಅಕ್ಕನಿಗೆ ಹೇಳಿ. ನಂಗೆ ಹೇಳೋದು ಬ್ಯಾಡ, ನಂಗೆ ಗೊತ್ತೈತೆ. ಅವ್ರಿಗೆ ಹೇಳಿ."

ಆ ಮಧ್ಯಾಹ್ನ ಮಗುವನ್ನೆತ್ತಿಕೊಂಡು ಶಿವನಿಯ ರೈಲು ಹತ್ತಿದಳು. ಗಂಡ ಸ್ಟೇಷನ್ನಿನ ತನಕ ಹೋಗಿ ವಾಪಸು ಬಂದ.

ನಾನು ದನದ ಡಾಕ್ಟರನ್ನು ಹುಡುಕಿಕೊಂಡು ಹೋದೆ. ಅವರಿಗೂ ಆಡಿದ ಮಾತಿನ ಬಗ್ಗೆ ಕಸಿವಿಸಿ ಇತ್ತು. "ಯಾರೋ ಹಾಕಿದಾರೆ ಅಂತ ನಾನು ಹೇಳಿಲ್ಲ ಮೇಷ್ಟ್ರೇ. ಕಣ್ಣು ಹೋಗೋದು, ಹಲ್ಲು ಕಡಿಯೋದು, ಗೋಡೆಗೆ ಒತ್ಕೊಳ್ಳೋದು, ಇವೆಲ್ಲ ನೋಡಿದ್ರೆ ಸೀಸ ಹೊಟ್ಟೆಗೆ ಹೋಗಿರಬಹುದು ಅನ್ಸುತ್ತೆ. ಬಣ್ಣದ ಡಬ್ಬ ನೆಕ್ಕಿದ ದನಗಳಲ್ಲಿ ನೋಡಿದೀನಿ," ಎಂದರು. ಸೀಸ ಎಲ್ಲಿಂದ ಬರುತ್ತದೆ? ಇಬ್ಬರ ಮನಸ್ಸೂ ಒಂದೇ ಕಡೆ ಹೋಯಿತು. ಆ ಎಮ್ಮೆಗಳು ಮೇಯುತ್ತಿದ್ದದ್ದು ಊರಿನ ಕೊಳಚೆಯೆಲ್ಲ ಬಂದು ಇಂಗುವ ಹುಲ್ಲಿನಲ್ಲಿ.

ಬಯಲಿನಲ್ಲಿ ಮೋರಿ ಹರಡಿಕೊಳ್ಳುವ ಜಾಗದಿಂದ ಒಂದಿಷ್ಟು ಕರಿ ಹೂಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ತಂದೆ. ಭಾನುವಾರ ಕಾಲೇಜಿನ ಲ್ಯಾಬಿನ ಬೀಗ ತೆಗೆಸಿದೆ. ಹೂಳನ್ನು ಒಣಗಿಸಿ, ಆಸಿಡ್ಡಿನಲ್ಲಿ ಕಾಯಿಸಿ, ಸೋಸಿ ನೋಡುವುದು. ಮಣ್ಣಿನಲ್ಲಿದ್ದ ಕಬ್ಬಿಣ ಅಡ್ಡಬಂದು ಮೊದಮೊದಲು ಬರೀ ಕಂದು ಬಣ್ಣ. ಹುಡುಗರಿಗೆ ಹೇಳಿಕೊಡುವ ರೀತಿಯಲ್ಲೇ ಸೀಸವನ್ನು ಬೇರೆ ಮಾಡಿಕೊಂಡು, ಪೊಟ್ಯಾಸಿಯಮ್ ಅಯೊಡೈಡ್ ಹನಿಸಿದಾಗ ನಳಿಕೆಯಲ್ಲಿ ಅರಿಸಿನ ಕದಡಿದಂತೆ ಹಳದಿ ಎದ್ದಿತು. ಕಾಯಿಸಿದರೆ ಕರಗಿ ತಿಳಿನೀರು. ಆರಲು ಬಿಟ್ಟರೆ ಚಿನ್ನದ ರೇಕಿನ ಚೂರುಗಳು ಮಿನುಗುತ್ತ ಮೆಲ್ಲಗೆ ಇಳಿಯುತ್ತವೆ. ಸೀಸವಿದ್ದರೆ ಮಾತ್ರ ಹಾಗಾಗುವುದು. ತರಗತಿಯಲ್ಲಿ ಹುಡುಗರು ಅದನ್ನು ನೋಡಿ 'ಓ' ಎನ್ನುತ್ತಾರೆ. ಆ ದಿನ ಲ್ಯಾಬಿನಲ್ಲಿ ಒಬ್ಬನೇ ಇದ್ದೆ. ನೋಡಲು ಅಷ್ಟು ಚೆಂದವಾದದ್ದು ಎಮ್ಮೆಯ ಹೊಟ್ಟೆಯಲ್ಲೂ, ನನ್ನ ಮಕ್ಕಳು ಕುಡಿದ ಹಾಲಿನಲ್ಲೂ ಇತ್ತೇನೋ ಎಂದುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟೆ.

ಸಂಜೆಗೆ ಆ ನಳಿಕೆಯನ್ನೇ ಜೇಬಿನಲ್ಲಿಟ್ಟುಕೊಂಡು ಯಜಮಾನರ ಜಗುಲಿಗೆ ಹೋದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಅಲ್ಲ ಮೇಷ್ಟ್ರೇ, ಆ ಹುಲ್ಲು ಈ ಸಾಲಿನ ಮನೆಗಳ ದನ ಎಲ್ಲಾ ಮೇಯ್ತವೆ. ನಮ್ಮ ಎಮ್ಮೆ ಮಾತ್ರ ಯಾಕೆ ಸತ್ತೋ?"

ಒಳ್ಳೆಯ ಪ್ರಶ್ನೆ. ನಿಮ್ಮವು ಹೆಚ್ಚು ಮೇಯ್ದಿರಬಹುದು, ಮೋರಿಗೆ ಹತ್ತಿರದಲ್ಲೇ ಮೇಯ್ದಿರಬಹುದು ಎಂದೇನೋ ಹೇಳಿದೆ.

"ನಿಮ್ ಮಾತು ತೆಗೆದುಹಾಕ್ತಿಲ್ಲ. ಆದ್ರೆ ನಮ್ಮೂರ ಮೇಷ್ಟ್ರು ಹೇಳಿದ್ರು ಅಂದ್ರೆ ನಮ್ಮನೆಯೋಳು ಒಪ್ಪಲ್ಲ. ಅವಳು ಅವತ್ತಿಂದ ಅನ್ನಾನೇ ಸರಿಯಾಗಿ ಉಂಡಿಲ್ಲ. ಬೆಂಗಳೂರಿಂದ ದೊಡ್ಡೋರು ಯಾರಾದ್ರೂ ಬಂದು, ಇದೇ ಮೋರಿಲಿ ವಿಷ ಐತೆ, ಇಂಥಾ ಕಡೆಯಿಂದ ಬತ್ತೈತೆ ಅಂತ ಹೇಳ್ಲಿ. ಅವತ್ತೇ ನಾನು ಶಿವನಿಗೆ ಹೋಗಿ ಆ ಹೆಣ್ಣುಮಗೀನ ಕರ್ಕಂಡು ಬತ್ತೀನಿ. ಇದು ನನ್ ಮಾತು."

ಆ ಮಾತನ್ನು ನಾನು ಬಿಗಿಯಾಗಿ ಹಿಡಿದುಕೊಂಡೆ.

ಊರಿನ ಹೆಲ್ತ್ ಇನ್‌ಸ್ಪೆಕ್ಟರು ನನ್ನ ಸ್ನೇಹಿತರು. ದಪ್ಪ ಮೈ, ತೆಳು ಮೀಸೆ, ನಗುವ ಕಣ್ಣು. ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ದಾರಿ ಅವರಿಗೆ ವಿವರಿಸಿದೆ. ಹೊಸದೇನಲ್ಲ. ಕಳೆದುಹೋದ ಕರುವನ್ನು ಹೆಜ್ಜೆ ಹಿಡಿದು ಹುಡುಕಿದ ಹಾಗೆ. ಮೋರಿಯ ಬಾಲದಿಂದ ತಲೆಯ ಕಡೆಗೆ ನಡೆಯುತ್ತ ಹೋಗುವುದು. ಚರಂಡಿ ಕವಲೊಡೆದ ಕಡೆಯಲ್ಲೆಲ್ಲ ಎರಡೂ ಕವಲುಗಳಿಂದ ಹೂಳು ತೆಗೆಯುವುದು. ಯಾವುದರಲ್ಲಿ ಹಳದಿ ಏಳುತ್ತದೋ ಆ ಕವಲು ಹಿಡಿದು ಮುಂದಕ್ಕೆ. ನೀರು ಹರಿದು ಹೋಗುತ್ತದೆ, ಅದರಲ್ಲಿ ಸಿಕ್ಕುವುದು ಕಡಿಮೆ. ಸೀಸ ಭಾರದ ವಸ್ತು, ಹೂಳಿನಲ್ಲೇ ಕೂರುತ್ತದೆ. ಹೂಳೇ ಮೋರಿಯ ನೆನಪು.

ಕಾಲೇಜು ಬಿಟ್ಟ ಮೇಲೆ ಇಬ್ಬರೂ ಹೊರಡುತ್ತಿದ್ದೆವು. ಅವರ ಕೈಯಲ್ಲಿ ಉದ್ದ ಹಿಡಿಯ ಸೌಟು, ನನ್ನ ಚೀಲದಲ್ಲಿ ಬಾಟಲಿಗಳು. ಪೇಟೆಯ ಜನಕ್ಕೆ ಸಂಜೆಯ ತಮಾಷೆ ನಾವೇ.

"ಏನ್ ಸಾರ್, ಮೋರೀಲಿ ಮೀನು ಹಿಡೀತಿದೀರಾ?"

"ಮೀನಲ್ಲ ಕಣಪ್ಪಾ, ನಿಮ್ಮಪ್ಪ ಹೂತಿಟ್ಟ ಕೊಪ್ಪರಿಗೆ," ಎನ್ನುವರು ಇನ್‌ಸ್ಪೆಕ್ಟರು.

ಹೋಟೆಲುಗಳ ಕವಲಿನಲ್ಲಿ ಏನೂ ಇಲ್ಲ. ಕಾಯಿ ಮಂಡಿಯ ಕವಲಿನಲ್ಲಿ ಇಲ್ಲ. ಪೇಟೆ ದಾಟಿದ ಮೇಲೂ ದೊಡ್ಡ ಮೋರಿಯಲ್ಲಿ ಹಳದಿ ದಟ್ಟವಾಗಿಯೇ ಇತ್ತು. ಕೊನೆಗೆ ಎರಡು ದಾರಿ ಉಳಿದವು. ಒಂದು ಅಕ್ಕಸಾಲಿಗರ ಓಣಿಯದು, ಇನ್ನೊಂದು ಬಸ್ ಸ್ಟ್ಯಾಂಡಿನ ಹಿಂದೆ ಲಾರಿ ಗ್ಯಾರೇಜುಗಳ ಕಡೆಯದು. ಅಷ್ಟರಲ್ಲಿ ನನ್ನನ್ನು ಪ್ರಾಕ್ಟಿಕಲ್ ಪರೀಕ್ಷೆಗೆಂದು ಚಿಕ್ಕಮಗಳೂರಿಗೆ ಹಾಕಿದರು. ಹೊರಡುವ ಮೊದಲು ಇನ್‌ಸ್ಪೆಕ್ಟರು ಸಂತೋಷದ ಸುದ್ದಿ ತಂದರು. ಅವರು ಮೇಲಿನವರಿಗೆ ಬರೆದಿದ್ದಕ್ಕೆ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಮೋರಿ ಪರೀಕ್ಷೆಗೆ ಬರುತ್ತಾರಂತೆ. ನಾನು ವಾಪಸು ಬರುವ ದಿನವೇ. ನನಗೆ ರೆಕ್ಕೆ ಬಂದ ಹಾಗಾಯಿತು. ಹಾಲಿನಕ್ಕನ ಮನೆಗೂ ಹೋಗಿ ಹೇಳಿಯೇ ಬಸ್ಸು ಹತ್ತಿದೆ.

ಪರೀಕ್ಷೆ ಮುಗಿಸಿ ಬೆಳಗಿನ ಬಸ್ಸಿಗೆ ಬಂದು ಇಳಿದರೆ ಊರು ಗುರುತೇ ಸಿಗಲಿಲ್ಲ. ಚರಂಡಿಗಳ ಎರಡೂ ಅಂಚಿಗೆ ಬಿಳಿ ಪುಡಿಯ ಗೆರೆ, ರಂಗೋಲಿ ಎಳೆದಷ್ಟು ನೇರ. ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಬಗ್ಗಿ ನೋಡಿದೆ. ಹುಟ್ಟಿದಾಗಿನಿಂದ ಬೆಳಕು ಕಾಣದಿದ್ದ ಚಪ್ಪಡಿಗಳು ಹೊಳೆಯುತ್ತಿದ್ದವು.

ಇನ್‌ಸ್ಪೆಕ್ಟರು ಎದುರಿಗೇ ಬಂದರು. ಇಸ್ತ್ರಿ ಅಂಗಿ, ಹಣೆಯಲ್ಲಿ ಬೆವರು, ಮುಖದ ತುಂಬ ಹೆಮ್ಮೆ. "ಹೆಂಗೈತೆ ಸಾರ್ ಮೋರಿ? ಎಲೆ ಹಾಕ್ಕಂಡು ಊಟ ಮಾಡ್ಬೋದು! ಊರ್ನೋರೆಲ್ಲ ಕೈ ಹಾಕಿದ್ರು. ಬೆಂಗಳೂರೋರು ನಮ್ಮೂರ್ನ ಗಲೀಜು ಅಂತ ಬೈಕಂಡು ಹೋಗ್ಬಾರ್ದು ಅಂತ ಟ್ಯಾಂಕರ್ ನೀರು ಬಿಟ್ಟು ತೊಳ್ಸಿದೀನಿ."

"ಹೂಳು?" ಎಂದೆ.

"ಒಂದು ಸೌಟೂ ಉಳ್ಸಿಲ್ಲ."

ನನ್ನ ಮುಖ ನೋಡಿದ ಮೇಲೆ ಅವರಿಗೆ ಹೊಳೆಯಿತು. ವಾರಗಟ್ಟಲೆ ನನ್ನ ಜೊತೆ ಸೌಟು ಹಿಡಿದು ನಡೆದವರು ಅವರು. ಹೂಳೇ ಸಾಕ್ಷಿ ಎಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮೇಲಿನವರು ಬರುತ್ತಾರೆ ಎಂದ ಕೂಡಲೇ ಚರಂಡಿ ತೊಳೆಸಿ ಬಿಳಿ ಗೆರೆ ಎಳೆಸುವುದು ಅವರ ಕೈಗೆ ಎಷ್ಟು ವರ್ಷದ ಅಭ್ಯಾಸ! ಮನೆಗೆ ನೆಂಟರು ಬರುತ್ತಾರೆಂದರೆ ಅಂಗಳ ಗುಡಿಸದೆ ಬಿಡುವವರುಂಟೇ? ಅವರು ಅಲ್ಲೇ ಹೋಟೆಲಿನ ಕಟ್ಟೆಯ ಮೇಲೆ ಕೂತು, "ಅಯ್ಯೋ ಸಾರ್, ಎಂಥಾ ಕೆಲಸ ಮಾಡ್ಬಿಟ್ಟೆ," ಎಂದು ತಲೆಯ ಮೇಲೆ ಕೈ ಹೊತ್ತರು. ಬೈಯಲು ನನಗೆ ಮನಸ್ಸು ಬರಲಿಲ್ಲ.

ಮೋರಿಯ ಬಾಲ ಉಳಿದಿರಬೇಕಲ್ಲ ಎಂದು ಬಯಲಿಗೆ ಓಡಿದೆವು. ಅಲ್ಲಿ ಸಾಹೇಬರ ಜೀಪು ಹೂತುಕೊಳ್ಳಬಾರದೆಂದು ಗಾಡಿಗಟ್ಟಲೆ ಗರಸು ಮಣ್ಣು ಸುರಿದು ಸಮ ಮಾಡಿದ್ದರು.

ಬೆಂಗಳೂರಿನ ಅಧಿಕಾರಿ ಬಂದರು. ಕೆಲಸ ತಿಳಿದವರು. ಚರಂಡಿಯ ಮುಂದೆ ನಿಂತು ಸುಮ್ಮನೆ ನಕ್ಕರು. "ಇದರಲ್ಲಿ ಏನು ತಗೊಳ್ಳಲಿ ಹೇಳಿ?" ನಾನು ಕೂಡಿಟ್ಟಿದ್ದ ಬಾಟಲಿಗಳನ್ನು ತೋರಿಸಿದೆ. "ಕ್ಷಮಿಸಿ, ನೀವು ತುಂಬಿಟ್ಟದ್ದನ್ನು ನಾನು ಒಯ್ಯುವ ಹಾಗಿಲ್ಲ. ನನ್ನ ಕೈಯಿಂದಲೇ ತೆಗೆದದ್ದಾಗಬೇಕು," ಎಂದರು. ಚಪ್ಪಡಿಯ ಸಂದಿಯಿಂದ ಕೆರೆದ ಚೂರು, ಬಾಟಲಿ ತುಂಬ ತಿಳಿನೀರು, ಬಯಲಿನ ಗರಸಿನಂಚಿನ ಒಂದು ಹಿಡಿ ಮಣ್ಣು, ಇಷ್ಟನ್ನು ತೆಗೆದುಕೊಂಡು ಹೋದರು. ಮುಂದೆ ಬಂದ ಉತ್ತರ ಒಂದೇ ಸಾಲಿನದು. ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಎತ್ತಿದ ಹೂಳಾದರೂ ಎಲ್ಲಿ? ಸುತ್ತಮುತ್ತಲ ಹಳ್ಳಿಗಳ ತೆಂಗಿನ ತೋಟದವರು ಒಳ್ಳೆಯ ಗೊಬ್ಬರವೆಂದು ಗಾಡಿಗಳಲ್ಲಿ ತುಂಬಿಕೊಂಡು ಹೋಗಿದ್ದರು. ಎಲ್ಲ ಓಣಿಗಳದ್ದೂ ಒಂದರಲ್ಲೊಂದು ಬೆರೆತು ಹೋಗಿತ್ತು. ಅದರಲ್ಲಿ ಸೀಸ ಸಿಕ್ಕರೂ ಯಾವ ಚರಂಡಿಯದೆಂದು ಹೇಳಲಾಗುವುದಿಲ್ಲ. ಯಾವ ತೆಂಗಿನ ಬುಡಕ್ಕೆ ಅದು ಬಿತ್ತೋ ಇವತ್ತಿಗೂ ಯಾರಿಗೂ ತಿಳಿಯದು.

"ಬೆಂಗಳೂರೋರೇ ಇಲ್ಲ ಅಂದ್ರಲ್ಲ ಮೇಷ್ಟ್ರೇ," ಎಂದರು ಯಜಮಾನರು. ಮೋರಿ ತೊಳೆದ ಕತೆಯನ್ನು ನಾನು ಎಷ್ಟು ಹೇಳಿದರೂ ಒಳಗಿನಿಂದ ಹಾಲಿನಕ್ಕ, "ಸಾಕು ಬಿಡಿ, ನಿಮಗೂ ಅವಳ ಮೇಲೆ ಕರುಣೆ," ಎಂದುಬಿಟ್ಟರು. ಬೇಸಿಗೆ ಕಳೆಯಿತು, ಮಳೆ ಬಂತು. ರೈಸ್ ಮಿಲ್ಲಿನ ಕೆಲಸ ಬಿಟ್ಟು ತಮ್ಮನೂ ಶಿವನಿಗೆ ಹೋದ. ಹಬ್ಬದ ಹೊತ್ತಿಗೆ ಹಿರಿಯರು ಕೂತು ಪಾಲು ಮಾಡಿದರು. ಅಂಗಳದ ನಡುವೆ ಗೋಡೆ ಎದ್ದಿತು. ಗೋಡೆಯ ಆಚೆ ವಾಸಕ್ಕೆ ಯಾರೂ ಬರಲಿಲ್ಲ. ಆ ಕಡೆಯ ಹೊಸ ಬಾಗಿಲಿಗೆ ಬೀಗ.

ಚರಂಡಿಗಳು ತಮ್ಮ ಕೆಲಸ ಬಿಡಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಮತ್ತೆ ಹೂಳು ಕೂತಿತ್ತು. ಇನ್‌ಸ್ಪೆಕ್ಟರು ತಾವಾಗಿಯೇ ಸೌಟು ಹಿಡಿದು ನನ್ನ ಬಾಗಿಲಿಗೆ ಬಂದರು. "ಎಲ್ಲಿ ಬಿಟ್ಟಿದ್ವೋ ಅಲ್ಲಿಂದ ಹಿಡಿಯಾನ ಸಾರ್. ಈ ಸತಿ ಯಾವ ಮಂತ್ರಿ ಬಂದ್ರೂ ನಾನು ಪೊರಕೆ ಮುಟ್ಟಲ್ಲ." ಅಕ್ಕಸಾಲಿಗರ ಓಣಿಯ ಹೂಳಿನಲ್ಲಿ ಏನೂ ಏಳಲಿಲ್ಲ. ಗ್ಯಾರೇಜಿನ ಕಡೆಯದರಲ್ಲಿ ಹಳದಿ ದಟ್ಟವಾಗಿ ಎದ್ದಿತು. ಆ ಕವಲು ಹಿಡಿದು ಹೋದರೆ ಚರಂಡಿ ಲಾರಿಗಳ ಬ್ಯಾಟರಿ ರಿಪೇರಿ ಮಾಡುವ ಅಂಗಡಿಯ ಹಿತ್ತಿಲಲ್ಲಿ ಕೊನೆಯಾಯಿತು. ಹಿಂದಿನ ವರ್ಷ ನಾವು ನಿಂತ ಜಾಗದಿಂದ ಎರಡು ಸಂಜೆಯ ಕೆಲಸ.

ಅಂಗಡಿಯವರು ಹಣೆ ತುಂಬ ವಿಭೂತಿ ಇಟ್ಟುಕೊಂಡ, ಮಠಕ್ಕೆ ನಡೆದುಕೊಳ್ಳುವ ಮನೆತನದವರು. ನಮ್ಮನ್ನು ಕೂರಿಸಿ ಸೋಡಾ ತರಿಸಿದರು. ಕೇಳಿದ್ದಕ್ಕೆ ಮರೆಮಾಚದೆ ಹಿತ್ತಿಲಿಗೆ ಕರೆದುಕೊಂಡು ಹೋದರು. ಹಳೆಯ ಬ್ಯಾಟರಿಯ ಒಳಗಿನ ತಗಡುಗಳನ್ನು ಕಿತ್ತು, ಡಬ್ಬ ಕೊಡವಿ, ಕೊಳಾಯಿಯ ಕೆಳಗೆ ಒಂದು ಸಲ ತೊಳೆಯುತ್ತಿದ್ದರು. ಬೂದಿ ಬಣ್ಣದ ರಾಡಿ ನೇರ ಚರಂಡಿಗೆ. ಮೂಲೆಯಲ್ಲಿ ಕಪ್ಪು ಡಬ್ಬಗಳನ್ನು ಅಂದವಾಗಿ ಒಂದರ ಮೇಲೊಂದು ಜೋಡಿಸಿಟ್ಟಿದ್ದರು.

"ಇವನ್ನೇನು ಮಾಡ್ತೀರಿ?" ಎಂದೆ.

"ಕೇಳಿದೋರಿಗೆ ಹಂಗೇ ಕೊಟ್ಬಿಡ್ತೀನಿ ಸ್ವಾಮಿ. ನಡುವಿನ ಗೋಡೆ ಒಡೆದುಬಿಟ್ರೆ ಒಳ್ಳೇ ತೊಟ್ಟಿ. ತುಕ್ಕು ಹಿಡಿಯಲ್ಲ, ಒಡೆಯಲ್ಲ. ಹಿಂಡಿ ನೆನೆಹಾಕಕ್ಕೆ ಹೇಳಿ ಮಾಡಿಸಿದಂಗೈತೆ. ನಿಮ್ಮ ಪಕ್ಕದ ಮನೆ ಯಜಮಾನ್ರೂ ಹೋದ್ವರ್ಷ ಒಂದು ಒಯ್ದಿದ್ರಲ್ಲ."

ಇನ್‌ಸ್ಪೆಕ್ಟರು ಸೋಡಾ ಬಾಟಲಿಯನ್ನು ನೆಲಕ್ಕಿಟ್ಟರು. ಆ ಸಾಲಿನ ದನಗಳೆಲ್ಲ ಒಂದೇ ಹುಲ್ಲು ಮೇಯುವಾಗ ಈ ಮನೆಯವು ಮಾತ್ರ ಯಾಕೆ ಸತ್ತವು ಎಂದು ಯಜಮಾನರು ಕೇಳಿದ್ದಕ್ಕೆ ಉತ್ತರ ಇಲ್ಲಿತ್ತು. ತಳದಲ್ಲಿ ಅಂಟಿದ ಸೀಸದ ಗಷ್ಟು. ಅದರ ಮೇಲೆ ಹುಳಿ ಬಂದ ಕಲಗಚ್ಚು, ಹಿಂಡಿ. ರಾತ್ರಿಯೆಲ್ಲ ನೆನೆಯುತ್ತಿದ್ದದ್ದು ಹಿಂಡಿ ಮಾತ್ರ ಅಲ್ಲ.

ವಿಷಯ ತಿಳಿದ ಅಂಗಡಿಯವರು ಬೆಪ್ಪಾಗಿ ನಿಂತರು. ಅದೇ ಸೀಸಕ್ಕೋ ಏನೋ, ಅವರ ಕೈಗಳೂ ಎಷ್ಟೋ ದಿನದಿಂದ ಸಣ್ಣಗೆ ನಡುಗುತ್ತಿದ್ದದ್ದು, ಹೊಟ್ಟೆನೋವೆಂದು ಜೀರಿಗೆ ಕಷಾಯ ಕುಡಿಯುತ್ತಿದ್ದದ್ದು ನನಗೆ ಆಮೇಲೆ ತಿಳಿಯಿತು. "ಒಳ್ಳೇದಕ್ಕೆ ಅಂತ ಕೊಟ್ಟೆ ಸ್ವಾಮಿ. ಯಾರ್ಯಾರು ಒಯ್ದರೋ, ಎಲ್ಲಾ ಜ್ಞಾಪಕ ಇಲ್ಲ," ಎಂದರು. ಅವತ್ತೇ ತೊಳೆಯುವ ಕೆಲಸ ನಿಲ್ಲಿಸಿದರು. ಜ್ಞಾಪಕ ಬಂದವರ ಮನೆಗಳಿಗೆಲ್ಲ ಇನ್‌ಸ್ಪೆಕ್ಟರು ಸೈಕಲ್ಲಿನಲ್ಲಿ ಹೋಗಿ ಡಬ್ಬ ಕಿತ್ತುಕೊಂಡು ಬಂದರು. ಜ್ಞಾಪಕ ಬಾರದವರ ಮನೆಗಳಲ್ಲಿ ಉಳಿದೇ ಉಳಿದವು.

ಹಾಲಿನಕ್ಕನ ಮನೆಯ ಡಬ್ಬ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೇ ಇತ್ತು. ಎಮ್ಮೆಗಳು ಹೋದ ಮೇಲೆ ಅದಕ್ಕೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದರು. ಗಿಡ ಕಿತ್ತು, ಮಣ್ಣು ಸುರಿದು, ತಳವನ್ನು ಚಾಕುವಿನಿಂದ ಕೆರೆದೆ. ಈ ಸಲ ಲ್ಯಾಬಿಗೆ ಹಾಲಿನಕ್ಕ, ಯಜಮಾನರು ಇಬ್ಬರನ್ನೂ ಕರೆದುಕೊಂಡು ಹೋದೆ. ನಳಿಕೆಯಲ್ಲಿ ಹಳದಿ ಎದ್ದಾಗ ಯಾರೂ ಬೆಂಗಳೂರಿನ ಮಾತೆತ್ತಲಿಲ್ಲ. ಡಬ್ಬ ಹೊತ್ತು ತಂದದ್ದು ಯಾರೆಂದು ಹೇಳುವುದೂ ಬೇಕಾಗಿರಲಿಲ್ಲ. ಹಾಲಿನಕ್ಕ ಸೆರಗು ಬಾಯಿಗೆ ಒತ್ತಿಕೊಂಡು, "ಅವಳು ನನ್ ಮುಖ ನೋಡು ಅಂದ್ಲು," ಎಂದರು. ಅಷ್ಟೇ.

ಅವರು ಆಮೇಲೆ ಕೊಂಡಿದ್ದ ಹೊಸ ಎಮ್ಮೆಯೊಂದು ಆ ವಾರ ಕರು ಹಾಕಿತ್ತು. ಹಾಲಿನಕ್ಕ ಗಿಣ್ಣು ಕಾಯಿಸಿ, ಬೆಲ್ಲ ಏಲಕ್ಕಿ ಹಾಕಿ, ಸ್ಟೀಲ್ ಡಬ್ಬಿಗೆ ತುಂಬಿ ಯಜಮಾನರ ಕೈಗೆ ಕೊಟ್ಟರು. "ಮೊದ್ಲು ಇದನ್ನ ಕೊಡಿ, ಆಮೇಲೆ ಮಾತಾಡಿ," ಎಂದರು. ತಾವು ಬರಲಿಲ್ಲ, ಬರುವ ಧೈರ್ಯವಿರಲಿಲ್ಲ. ಪ್ಯಾಸೆಂಜರ್ ಗಾಡಿಯಲ್ಲಿ ನಾವಿಬ್ಬರೂ ಹೊರಟೆವು. ನಡುವೆ ಬೀರೂರು ಜಂಕ್ಷನ್ ಸಿಕ್ಕಿತೋ ಇಲ್ಲವೋ, ಅಲ್ಲಿ ಗಾಡಿ ಬದಲಿಸಿದೆವೋ ಇಲ್ಲವೋ ಹೇಳಿದರೆ ಊರು ಯಾವುದೆಂದು ನಿಮಗೆ ಗೊತ್ತಾಗಿಬಿಡುತ್ತದೆ.

ಶಿವನಿಯಲ್ಲಿ ಅವಳು ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು, ಮಜ್ಜಿಗೆ ತಂದಳು. ಗಂಡ ಹೊಲಕ್ಕೆ ಹೋಗಿದ್ದ. ನಾನು ಮೊದಲಿನಿಂದ ಎಲ್ಲ ಹೇಳಿದೆ. ಅವಳು ಕಂಬಕ್ಕೆ ಒರಗಿ ನಿಂತು ಕೇಳಿದಳು.

"ಡಬ್ಬದಲ್ಲಿತ್ತು ಅನ್ನಿ," ಎಂದಳು.

"ನಾನೇ ಕಣಮ್ಮ ತಂದಿದ್ದು," ಎಂದರು ಯಜಮಾನರು. "ನಂಗೆ ಗೊತ್ತಿರ್ಲಿಲ್ಲ. ನಿನ್ ಮೇಲೆ ಬಂದಾಗ ಬಾಯಿ ಮುಚ್ಕಂಡು ನಿಂತಿದ್ದೂ ನಾನೇ. ತಪ್ಪಾಯ್ತು. ಬಾರಮ್ಮ, ಮನೆಗೆ ಹೋಗಾನ. ಆ ಗೋಡೆ ನಾನೇ ಕೆಡವಿಸ್ತೀನಿ."

"ನೀವು ಗೊತ್ತಿಲ್ದೆ ತಂದ್ರಿ ಭಾವ. ನಿಮ್ಮನ್ನ ಯಾರೂ ಏನೂ ಅನ್ನಲ್ಲ, ಅನ್ನಬಾರ್ದು. ಆ ಹಿಂಡೀನ ನಾನೂ ಗೊತ್ತಿಲ್ದೆ ಇಟ್ಟೆ. ನಂಗೆ ಮಾತ್ರ ಅಂದ್ರಲ್ಲ." ಸಿಟ್ಟಿನ ದನಿಯಲ್ಲ ಅದು. ಹಾಲು ಎಷ್ಟು ಬೇಕು ಎಂದು ಕೇಳುತ್ತಿದ್ದಾಗಿನ ಸಾಧಾರಣ ದನಿ. ಆಮೇಲೆ ನನ್ನ ಕಡೆ ತಿರುಗಿದಳು. "ಮೇಷ್ಟ್ರೇ, ಇಷ್ಟು ಓಡಾಡಿದ್ರಿ, ನಿಮ್ಮ ಋಣ ನಂಗೈತೆ. ಆದ್ರೆ ಒಂದು ಕೇಳ್ತೀನಿ. ಆ ನಳಿಗೇಲಿ ಹಳದಿ ಆಗ್ದೇ ಇದ್ದಿದ್ರೆ ಇವರು ಬರ್ತಿದ್ರಾ?"

ಊಟ ಮಾಡದೆ ಕಳಿಸಲಿಲ್ಲ. ಮುದ್ದೆ, ಹುರುಳಿ ಸಾರು, ತಾನೇ ಬಡಿಸಿದಳು. ಗಿಣ್ಣನ್ನು ಮಗುವಿಗೂ ಕೊಟ್ಟು, ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡು, "ಅಕ್ಕನ ಕೈದೇ," ಎಂದಳು. ಹೊಸ ಎಮ್ಮೆ ಒದೆಯುತ್ತದೋ ಇಲ್ಲವೋ ಎಂದೂ ವಿಚಾರಿಸಿದಳು. ಹೊರಡುವಾಗ ಡಬ್ಬಿಯನ್ನು ತೊಳೆದು, ಒರೆಸಿ, ಹೆಸರುಕಾಳು ತುಂಬಿ, ಮುಚ್ಚಳ ಹಾಕಿ ಭಾವನ ಕೈಗೆ ಕೊಟ್ಟಳು.

ಬೇರೆ ಮನೆಯವರ ಪಾತ್ರೆಯನ್ನು ಬರಿದು ಕೊಡಬಾರದೆಂದು ನಮ್ಮಲ್ಲಿ ಏನಾದರೂ ಹಾಕಿಯೇ ಕೊಡುತ್ತಾರೆ. ಸ್ವಂತ ಮನೆಯ ಪಾತ್ರೆಗೆ ಯಾರೂ ಹಾಗೆ ಮಾಡುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ, ಇಲ್ಲವೇ ಬರಿದಾಗಿಯೇ ವಾಪಸಾಗುತ್ತದೆ. ಯಜಮಾನರು ದಾರಿಯುದ್ದಕ್ಕೂ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಹಾಲಿನಕ್ಕ ಬಾಗಿಲಲ್ಲೇ ಕಾಯುತ್ತಿದ್ದರು. ನಮ್ಮಿಬ್ಬರ ಹಿಂದೆ ಇನ್ನೊಬ್ಬರು ಬರುತ್ತಿದ್ದಾರೇನೋ ಎಂದು ಬೀದಿಯ ತುದಿಯವರೆಗೆ ನೋಡಿದರು. ಯಜಮಾನರು ಡಬ್ಬಿ ಚಾಚಿದರು. ಕೈಗೆ ಭಾರ ತಗುಲಿದ್ದೇ ಅವರಿಗೆ ಗೊತ್ತಾಗಿಹೋಯಿತು. ಮುಚ್ಚಳ ತೆಗೆಯಲಿಲ್ಲ. ಹಾಗೇ ಎದೆಗೆ ಆನಿಸಿಕೊಂಡು ಒಳಗೆ ಹೋದರು.